ಬಿಟ್ಟ ಪಂದ್ಯ, ಸಿಕ್ಕ ಪಂದ್ಯ

ಹಳೇ ಮೈಸೂರು ಸೀಮೆಯಲ್ಲಿ ಮನುಷ್ಯನಿಗಿಂತ ಮೊದಲು ಊರು ಬರುತ್ತದೆ. ಹೊಳೆನರಸೀಪುರ ತಾಲ್ಲೂಕಿನ ಹರದನಹಳ್ಳಿ ಎಚ್.ಡಿ. ದೇವೇಗೌಡರ ‘ಎಚ್’ ಆಗಿ ದೆಹಲಿಯ ಗದ್ದುಗೆವರೆಗೂ ಹೋಯಿತು. ಅರಕಲಗೂಡು ತಾಲ್ಲೂಕಿನ ರುದ್ರಪಟ್ಟಣ ಆರ್.ಕೆ. ಶ್ರೀಕಂಠನ್ ಅವರ ‘ಆರ್’ ಆಗಿ ಸಂಗೀತ ಸಭೆಗಳಲ್ಲಿ ಕುಳಿತಿತು. ಚನ್ನರಾಯಪಟ್ಟಣ ತಾಲ್ಲೂಕಿನ ಸಂತೇಶಿವರ ಎಸ್.ಎಲ್. ಭೈರಪ್ಪನವರ ‘ಎಸ್’ ಆಗಿ ಪುಸ್ತಕಗಳ ರಟ್ಟಿನ ಮೇಲೆ ನಿಂತಿತು. ಹೀಗೆ ಒಂದೊಂದು ಊರೂ ಒಂದೊಂದು ಅಕ್ಷರಕ್ಕೆ ಮೊಟಕಾಯಿತು. ಹಾಸನ ಜಿಲ್ಲೆಯ ಒಂದು ಊರು ಮಾತ್ರ ಮೊಟಕಾಗದೆ ಉಳಿಯಿತು. ಹಳೇಬೀಡಿನಿಂದ ಬಾಣಾವರದ ಕಡೆ ಹೋಗುವ ದಾರಿಯಲ್ಲಿ ಹೊಯ್ಸಳರ ಲಕ್ಷ್ಮೀನರಸಿಂಹ ಗುಡಿಯನ್ನು ಇಟ್ಟುಕೊಂಡು ಕೂತಿರುವ ಜಾವಗಲ್, ಬ್ರಿಸ್ಬೇನಿನಿಂದ ಬ್ರಿಜ್‌ಟೌನ್‌ವರೆಗಿನ ಕಾಮೆಂಟರಿಗಾರರ ಬಾಯಲ್ಲಿ ಪೂರ್ತಿ ಹೆಸರಾಗಿಯೇ ಹೊರಳಿತು.

ಜಾವಗಲ್ ಶ್ರೀನಾಥ್ ಹುಟ್ಟಿದ್ದು 1969ರ ಆಗಸ್ಟ್ 31ರಂದು, ಮೈಸೂರಿನಲ್ಲಿ. ಓದಿದ್ದೂ ಅಲ್ಲೇ: ಮರಿಮಲ್ಲಪ್ಪ ಶಾಲೆ, ಆಮೇಲೆ ಜಯಚಾಮರಾಜೇಂದ್ರ ಎಂಜಿನಿಯರಿಂಗ್ ಕಾಲೇಜು. ಜಾವಗಲ್ ಅವರ ಮನೆತನದ ಊರು. ಜಾವಗಲ್ ಸೇರಿದ ಅರಸೀಕೆರೆ ತಾಲ್ಲೂಕು ಇನ್ನೊಬ್ಬ ವೇಗಿಯನ್ನೂ ದೇಶದ ತಂಡಕ್ಕೆ ಕೊಟ್ಟಿದೆ. ಎರಡು ರೈಲು ದಾರಿ ಕೂಡುವ, ತೆಂಗಿಗೆ ಹೆಸರಾದ ಅರಸೀಕೆರೆ ಪಟ್ಟಣದಲ್ಲಿ 1971ರ ಅಕ್ಟೋಬರ್ 16ರಂದು ಹುಟ್ಟಿದ ಡೇವಿಡ್ ಜಾನ್ಸನ್ ಅವರು. ಒಬ್ಬರು 67 ಟೆಸ್ಟ್ ಆಡಿದರು, ಇನ್ನೊಬ್ಬರು ಎರಡು. ಇಬ್ಬರ ದಾರಿ ಕೂಡಿದ್ದು 1996ರ ಅಕ್ಟೋಬರಿನಲ್ಲಿ. ಒಬ್ಬರು ಆಡಲಾಗದ ಪಂದ್ಯ ಇನ್ನೊಬ್ಬರಿಗೆ ಸಿಕ್ಕಿತು.

ಆಡುವುದೋ ಬಿಡುವುದೋ ಎಂಬ ಪ್ರಶ್ನೆ ಇವತ್ತು ಕ್ರಿಕೆಟ್‌ನಲ್ಲಿ ದೊಡ್ಡ ಜಗಳ. ಐಪಿಎಲ್ ಹತ್ತಿರ ಬಂತೆಂದು ರಣಜಿ ಬಿಟ್ಟ, ವಿಶ್ವಕಪ್ ಇದೆಯೆಂದು ಟೆಸ್ಟ್ ಬಿಟ್ಟ ಎಂದು ದಿನಕ್ಕೊಬ್ಬರನ್ನು ಕಟಕಟೆಗೆ ಹತ್ತಿಸುತ್ತೇವೆ. ಈ ಜಗಳ ಹೊಸದಲ್ಲ. ಅದರ ಹಳೆಯ ಅಧ್ಯಾಯವೊಂದು ನಮ್ಮ ಜಿಲ್ಲೆಯ ಈ ಇಬ್ಬರ ಕಥೆಯಲ್ಲೇ ಇದೆ.

*

ಶ್ರೀನಾಥ್ ರಣಜಿಗೆ ಕಾಲಿಟ್ಟಿದ್ದು 1989-90ರಲ್ಲಿ, ಹೈದರಾಬಾದ್ ವಿರುದ್ಧ. ಮೊದಲ ಪಂದ್ಯದಲ್ಲೇ ಹ್ಯಾಟ್ರಿಕ್. ಎರಡು ವರ್ಷದೊಳಗೆ, 1991ರ ನವೆಂಬರಿನಲ್ಲಿ, ಬ್ರಿಸ್ಬೇನಿನಲ್ಲಿ ಆಸ್ಟ್ರೇಲಿಯಾ ವಿರುದ್ಧ ಟೆಸ್ಟ್ ಪದಾರ್ಪಣೆ. ಅಲ್ಲಿಂದ ಮುಂದೆ ಆದದ್ದು ವಿಚಿತ್ರ. ವಿದೇಶಕ್ಕೆ ಹೋದಾಗ ಶ್ರೀನಾಥ್ ಬೇಕು. ತವರಿಗೆ ಬಂದರೆ ಬೇಡ. ತವರಿನ ಪಿಚ್‌ಗಳಲ್ಲಿ ಮೂವರು ಸ್ಪಿನ್ನರ್, ಹೊಸ ಚೆಂಡಿನ ಹೊಳಪು ತೆಗೆಯಲು ಕಪಿಲ್ ದೇವ್ ಮತ್ತು ಇನ್ನೊಬ್ಬ ವೇಗಿ. ಕಪಿಲ್ 1994ರಲ್ಲಿ ಆಟ ಬಿಟ್ಟ ಮೇಲೆಯೇ, ಆ ವರ್ಷದ ನವೆಂಬರಿನಲ್ಲಿ ವೆಸ್ಟ್ ಇಂಡೀಸ್ ವಿರುದ್ಧ ಮುಂಬೈಯಲ್ಲಿ, ಶ್ರೀನಾಥ್ ತಮ್ಮ ದೇಶದ ನೆಲದಲ್ಲಿ ಮೊದಲ ಟೆಸ್ಟ್ ಆಡಿದ್ದು.

ಇಪ್ಪತ್ತೆರಡರಿಂದ ಇಪ್ಪತ್ತೈದು ವೇಗಿಯೊಬ್ಬನಿಗೆ ಚಿನ್ನದಂಥ ವಯಸ್ಸು. ಆ ಮೂರು ವರ್ಷದ ತವರಿನ ಟೆಸ್ಟ್‌ಗಳನ್ನು ಅವರು ಹೊರಗೆ ಕೂತು ನೋಡಿದರು. ಅದನ್ನು ಯಾರೂ ಅನ್ಯಾಯ ಎನ್ನಲಿಲ್ಲ, ತಂತ್ರ ಎಂದರು. ಮುಂದಿನ ಕಥೆಗೆ ಈ ಮಾತು ನೆನಪಿರಲಿ. ತಂಡ ಆಟಗಾರನನ್ನು ಕೂರಿಸಿದರೆ ಅದು ತಂತ್ರ, ಆಟಗಾರ ತಾನಾಗಿ ಕೂತರೆ ಅದು ಸ್ವಾರ್ಥ.

ಒಮ್ಮೆ ಜಾಗ ಸಿಕ್ಕ ಮೇಲೆ ಅವರನ್ನು ದುಡಿಸಿದ ರೀತಿಯೂ ಹಾಗೇ ಇತ್ತು. 1995ರ ಬೇಸಿಗೆಯಲ್ಲಿ ಇಂಗ್ಲೆಂಡಿನ ಗ್ಲಾಸ್ಟರ್‌ಶೈರ್ ಕೌಂಟಿಗೆ ಹೋಗಿ 87 ವಿಕೆಟ್ ಕಿತ್ತರು. ಮರುವರ್ಷ ವಿಶ್ವಕಪ್, ಇಂಗ್ಲೆಂಡ್ ಪ್ರವಾಸ, ಒಂದರ ಹಿಂದೊಂದು ಏಕದಿನ ಸರಣಿ. ಕೇಂದ್ರ ಗುತ್ತಿಗೆ ಎನ್ನುವುದು ಆಗ ಇರಲಿಲ್ಲ. ಆಡಿದರೆ ಸಂಭಾವನೆ, ಇಲ್ಲದಿದ್ದರೆ ಇಲ್ಲ. ಇವತ್ತು ‘ವರ್ಕ್‌ಲೋಡ್’ ಎಂದು ಎಸೆತ ಎಸೆತವನ್ನೂ ಬರೆದಿಡುತ್ತಾರೆ. ಆಗ ಬೌಲರನ ಭುಜದ ಲೆಕ್ಕ ಇಡುವವರೇ ಇರಲಿಲ್ಲ. ಓಡಿ ಬಂದು ಎಸೆಯುವವನ ಮುಂಗಾಲು ಕ್ರೀಸಿಗೆ ಅಪ್ಪಳಿಸುವಾಗ ದೇಹದ ತೂಕದ ಹಲವು ಪಟ್ಟು ಭಾರ ಆ ಒಂದು ಕಾಲಿನ ಮೇಲೆ ಬೀಳುತ್ತದೆ. ಅದು ಮೊಣಕಾಲು, ಸೊಂಟ, ಬೆನ್ನು ಹಾದು ಭುಜದ ಕೀಲಿಗೆ ಏರುತ್ತದೆ. ದಿನಕ್ಕೆ ಇಪ್ಪತ್ತು ಓವರ್ ಎಂದರೆ ನೂರಿಪ್ಪತ್ತು ಸಲ.

*

1996ರ ಅಕ್ಟೋಬರ್ 10. ದೆಹಲಿಯ ಫಿರೋಜ್ ಷಾ ಕೋಟ್ಲಾ. ಬಾರ್ಡರ್-ಗಾವಸ್ಕರ್ ಹೆಸರಿನ ಟ್ರೋಫಿಗೆ ನಡೆದ ಮೊಟ್ಟಮೊದಲ ಟೆಸ್ಟ್. ಶ್ರೀನಾಥ್‌ಗೆ ಗಾಯ. ಅವರ ಜಾಗಕ್ಕೆ ಬಂದವರು ಡೇವಿಡ್ ಜಾನ್ಸನ್.

ಜಾನ್ಸನ್ ಹೆಸರು ಓಡಾಡತೊಡಗಿದ್ದು 1995-96ರ ರಣಜಿಯಿಂದ. ಆ ಸಾಲಿನಲ್ಲಿ ಕೇರಳದ ವಿರುದ್ಧ ಒಂದೇ ಪಂದ್ಯದಲ್ಲಿ 152 ರನ್ ಕೊಟ್ಟು 10 ವಿಕೆಟ್ ಕಿತ್ತಿದ್ದರು. ರಣಜಿ ಕಪ್ ಗೆದ್ದದ್ದೂ ಆ ವರ್ಷ ಕರ್ನಾಟಕವೇ. ದೆಹಲಿ ಟೆಸ್ಟ್‌ನ ಹನ್ನೊಂದು ಜನರಲ್ಲಿ ರಾಹುಲ್ ದ್ರಾವಿಡ್, ಅನಿಲ್ ಕುಂಬ್ಳೆ, ವೆಂಕಟೇಶ್ ಪ್ರಸಾದ್, ಸುನಿಲ್ ಜೋಶಿ, ಜಾನ್ಸನ್ ಸೇರಿ ಐವರು ಕನ್ನಡ ನಾಡಿನವರು. ಪ್ರಧಾನಿ ಕುರ್ಚಿಯಲ್ಲಿ ಆಗ ಹರದನಹಳ್ಳಿಯ ದೇವೇಗೌಡರು. ಹಾಸನದವರಿಗೆ ಅದು ಎಂಥ ವರ್ಷ! ರಾಜಧಾನಿಯಲ್ಲಿ ಸರ್ಕಾರ ಹೊಳೆನರಸೀಪುರದವರ ಕೈಯಲ್ಲಿ, ಹೊಸ ಚೆಂಡು ಅರಸೀಕೆರೆಯಲ್ಲಿ ಹುಟ್ಟಿದವರ ಕೈಯಲ್ಲಿ.

ಪಿಚ್ ಮಾತ್ರ ವೇಗಿಗಳದ್ದಾಗಿರಲಿಲ್ಲ. ಚೆಂಡು ನಿಧಾನಕ್ಕೆ ತಿರುಗುವ, ಕುಂಬ್ಳೆಗೆ ಹೇಳಿ ಮಾಡಿಸಿದ ನೆಲ. ಎರಡೂ ಇನಿಂಗ್ಸ್ ಸೇರಿ ಕುಂಬ್ಳೆ ಒಂಬತ್ತು ವಿಕೆಟ್ ಕಿತ್ತರು, ನಯನ್ ಮೊಂಗಿಯ 152 ಹೊಡೆದರು, ಭಾರತ ಏಳು ವಿಕೆಟ್‌ಗಳಿಂದ ಗೆದ್ದಿತು. ಇಷ್ಟರ ನಡುವೆ ಜಾನ್ಸನ್‌ಗೆ ದಕ್ಕಿದ್ದು ಒಂದು ಕ್ಷಣ. ಆಸ್ಟ್ರೇಲಿಯಾದ ಎರಡನೇ ಇನಿಂಗ್ಸ್‌ನಲ್ಲಿ ಮೈಕೆಲ್ ಸ್ಲೇಟರ್ ಬ್ಯಾಟಿನ ಅಂಚು ಸವರಿದ ಚೆಂಡು ಸ್ಲಿಪ್‌ನಲ್ಲಿದ್ದ ಅಜರುದ್ದೀನ್ ಕೈಸೇರಿತು. ಸ್ಲೇಟರ್ ಸೊನ್ನೆಗೆ ಔಟ್. ಆ ಪಂದ್ಯದಲ್ಲಿ ಅವರ ಒಂದು ಚೆಂಡು ಗಂಟೆಗೆ 157.8 ಕಿಲೋಮೀಟರ್ ವೇಗ ಮುಟ್ಟಿತ್ತು ಎಂಬ ಮಾತು ಜಾನ್ಸನ್ ಹೆಸರು ಬಂದಲ್ಲೆಲ್ಲ ಇವತ್ತಿಗೂ ಬರುತ್ತದೆ.

ಶ್ರೀನಾಥ್ ಹೊರಗಿದ್ದದ್ದು ಕೆಲವೇ ದಿನ. ಅಕ್ಟೋಬರ್ 21ರ ರಾತ್ರಿ ಬೆಂಗಳೂರಿನ ಚಿನ್ನಸ್ವಾಮಿ ಅಂಗಳದಲ್ಲಿ, ಟೈಟನ್ ಕಪ್ ಪಂದ್ಯದಲ್ಲಿ, ಅವರ ಕೈಯಲ್ಲಿದ್ದದ್ದು ಬ್ಯಾಟು. ಗುರಿ 216. ಸಚಿನ್ 88ಕ್ಕೆ ಔಟಾದಾಗ ಸ್ಕೋರು ಎಂಟಕ್ಕೆ 164. ಜನ ಎದ್ದು ಬಾಗಿಲ ಕಡೆ ನಡೆದಿದ್ದರು. ಅಲ್ಲಿಂದ ಕುಂಬ್ಳೆ, ಶ್ರೀನಾಥ್ ಇಬ್ಬರೇ ಮುರಿಯದ 52 ರನ್ ಸೇರಿಸಿ ಪಂದ್ಯ ಗೆಲ್ಲಿಸಿದರು. ಇಬ್ಬರ ತಾಯಂದಿರೂ ಸ್ಟ್ಯಾಂಡಿನಲ್ಲಿ ಕೂತು ನೋಡುತ್ತಿದ್ದರು. ಮುಂದಿನ ತಿಂಗಳು ಅಹಮದಾಬಾದಿನಲ್ಲಿ ದಕ್ಷಿಣ ಆಫ್ರಿಕಕ್ಕೆ ಗೆಲ್ಲಲು 170 ಬೇಕಿತ್ತು. ಶ್ರೀನಾಥ್ 21 ರನ್ನಿಗೆ ಆರು ವಿಕೆಟ್ ಕಿತ್ತು ಅವರನ್ನು 105ಕ್ಕೆ ಮುಗಿಸಿದರು. ಬೆನ್ನಿಗೇ ತಂಡ ದಕ್ಷಿಣ ಆಫ್ರಿಕಕ್ಕೆ ಹೊರಟಿತು.

ಡಿಸೆಂಬರ್ 26ರಂದು ಡರ್ಬನ್‌ನಲ್ಲಿ ಶ್ರೀನಾಥ್, ಪ್ರಸಾದ್, ಜಾನ್ಸನ್ ಮೂವರೂ ಒಂದೇ ಟೆಸ್ಟ್‌ನಲ್ಲಿ ಆಡಿದರು. ಭಾರತ 100 ಮತ್ತು 66ಕ್ಕೆ ಕುಸಿಯಿತು. ಜಾನ್ಸನ್‌ಗೆ ಎರಡು ವಿಕೆಟ್ ಬಂತು. ಮುಂದಿನ ಕೇಪ್‌ಟೌನ್ ಟೆಸ್ಟ್‌ಗೆ ಕರ್ನಾಟಕದವರೇ ಆದ ದೊಡ್ಡ ಗಣೇಶ್ ಬಂದರು. ಡೇವಿಡ್ ಜಾನ್ಸನ್ ಮತ್ತೆಂದೂ ಭಾರತಕ್ಕೆ ಆಡಲಿಲ್ಲ.

*

1997ರ ವಸಂತದಲ್ಲಿ ವೆಸ್ಟ್ ಇಂಡೀಸ್ ಪ್ರವಾಸದ ಹೊತ್ತಿಗೆ ಶ್ರೀನಾಥ್ ಭುಜ ಕೈಕೊಟ್ಟಿತು. ಭುಜದ ಕೀಲನ್ನು ಸುತ್ತುವರಿದು ಹಿಡಿದಿಡುವ ಸ್ನಾಯುಗಳಿವೆ, ರೊಟೇಟರ್ ಕಫ್ ಎನ್ನುತ್ತಾರೆ. ಎಸೆಯುವವನಿಗೆ ಅದು ಹರಿದರೆ ಬಾವಿ ಗಡಗಡೆಯ ಹಗ್ಗ ಹರಿದಂತೆ. ಟೆಸ್ಟ್ ಆಡದೆ ಮರಳಿದರು. ಶಸ್ತ್ರಚಿಕಿತ್ಸೆ, ತಿಂಗಳುಗಟ್ಟಲೆ ವ್ಯಾಯಾಮ. ಮತ್ತೆ ಟೆಸ್ಟ್ ಅಂಗಳಕ್ಕೆ ಇಳಿದದ್ದು ನವೆಂಬರಿನಲ್ಲಿ. ಹಿಂದಿನ ಚಳಿಗಾಲದಲ್ಲಿ ಯಾರಾದರೂ ‘ಈ ಸರಣಿ ಬಿಡು’ ಎಂದಿದ್ದರೆ ಭುಜ ಉಳಿಯುತ್ತಿತ್ತೋ ಏನೋ. ಹಾಗೆ ಹೇಳುವ ಹುದ್ದೆಯೇ ಆಗ ಇರಲಿಲ್ಲ.

ತಮ್ಮದನ್ನು ಬಿಟ್ಟುಕೊಡಲು ಬಾರದ ಮನುಷ್ಯರೇನಲ್ಲ ಶ್ರೀನಾಥ್. 1999ರ ಫೆಬ್ರವರಿ 7ರಂದು ಅದೇ ಕೋಟ್ಲಾದಲ್ಲಿ ಕುಂಬ್ಳೆ ಪಾಕಿಸ್ತಾನದ ಒಂಬತ್ತು ವಿಕೆಟ್ ಕಿತ್ತಿದ್ದರು. ಉಳಿದದ್ದು ಒಂದು. ಇನ್ನೊಂದು ತುದಿಯಿಂದ ಓವರ್ ಶ್ರೀನಾಥರದ್ದು. ಜೀವಮಾನವೆಲ್ಲ ಸ್ಟಂಪಿಗೆ ಗುರಿಯಿಟ್ಟ ಕೈ ಆ ಓವರಿನಲ್ಲಿ ಬ್ಯಾಟಿಗೆ ಎಟುಕದ ಹಾಗೆ, ವೈಡ್ ಆದರೂ ಆಗಲಿ ಎಂದು, ಆಫ್ ಸ್ಟಂಪಿನಾಚೆ ಎಸೆಯಿತು. ವಿಕೆಟ್ ಬೀಳಬಾರದು ಎಂದು ಬೆವರು ಸುರಿಸಿದ ಬೌಲರ್! ಮರು ಓವರಿನಲ್ಲಿ ವಾಸಿಂ ಅಕ್ರಂ ಔಟಾದರು. ಕುಂಬ್ಳೆಗೆ 74ಕ್ಕೆ ಹತ್ತು. ಅದೇ ತಿಂಗಳು ಕೋಲ್ಕತ್ತದಲ್ಲಿ ಶ್ರೀನಾಥ್ ಒಂದು ಇನಿಂಗ್ಸ್‌ನಲ್ಲಿ 86ಕ್ಕೆ ಎಂಟು, ಪಂದ್ಯದಲ್ಲಿ 132ಕ್ಕೆ ಹದಿಮೂರು ವಿಕೆಟ್ ಕಿತ್ತರು. ತಂಡ ಸೋತಿತು.

*

2002ರ ವೆಸ್ಟ್ ಇಂಡೀಸ್ ಪ್ರವಾಸದ ಹೊತ್ತಿಗೆ ಅವರಿಗೆ ಮೂವತ್ತಮೂರು ತುಂಬಲು ಬಂದಿತ್ತು. ಮುಂದಿನ ವರ್ಷ ದಕ್ಷಿಣ ಆಫ್ರಿಕದಲ್ಲಿ ವಿಶ್ವಕಪ್. ಆ ಪ್ರವಾಸದ ಬಳಿಕ ಶ್ರೀನಾಥ್ ಇನ್ನು ಟೆಸ್ಟ್ ಆಡುವುದಿಲ್ಲ, ಏಕದಿನ ಪಂದ್ಯ ಮಾತ್ರ ಎಂದರು. ಐದು ದಿನದ ದುಡಿಮೆಯನ್ನು ಬಿಟ್ಟು ಹತ್ತು ಓವರಿನ ದುಡಿಮೆಗೆ ದೇಹವನ್ನು ಕಾದಿಡುವ ಲೆಕ್ಕ. ಆ ಬೇಸಿಗೆ ಭಾರತ ಇಂಗ್ಲೆಂಡಿನಲ್ಲಿ ನಾಲ್ಕು ಟೆಸ್ಟ್ ಆಡಿತು. ದೇಶದ ಅತಿ ಅನುಭವಿ ವೇಗಿ ಅದೇ ಇಂಗ್ಲೆಂಡಿನಲ್ಲಿ ಲೀಸ್ಟರ್‌ಶೈರ್ ಕೌಂಟಿಗೆ ಆಡಿದ್ದರು, ತಂಡದಲ್ಲಿರಲಿಲ್ಲ. ಜಹೀರ್, ನೆಹ್ರಾ, ಅಗರ್ಕರ್ ಮೊದಲಾದ ಹುಡುಗರನ್ನು ಕಟ್ಟಿಕೊಂಡು ಸೌರವ್ ಗಂಗೂಲಿ ಸರಣಿಯನ್ನು 1-1ಕ್ಕೆ ತಂದರು.

ಎದುರು ವಾದಕ್ಕೂ ತೂಕವಿದೆ. ವೇಗದ ಬೌಲಿಂಗಿನಲ್ಲಿ ಬಡವಾದ ದೇಶ ನಮ್ಮದು. ಇಂಗ್ಲೆಂಡಿನ ಹಸಿರು ಪಿಚ್ಚು, ಮೋಡದ ಆಕಾಶ ಶ್ರೀನಾಥ್ ಕೈಗೆ ಒಗ್ಗಿದವು. ಅಂಥ ಹೊತ್ತಿನಲ್ಲಿ ಹಿರಿಯ ಕೈಬಿಟ್ಟರೆ ಹೇಗೆ? ಕೊನೆಗೆ ಗಂಗೂಲಿಯೇ ಕೇಳಿಕೊಂಡರು. ಅದೇ ವರ್ಷ ಶ್ರೀನಾಥ್ ಟೆಸ್ಟ್‌ಗೆ ಮರಳಿದರು, ಡಿಸೆಂಬರಿನಲ್ಲಿ ನ್ಯೂಜಿಲೆಂಡಿನ ಹ್ಯಾಮಿಲ್ಟನ್‌ನಲ್ಲಿ ಕೊನೆಯ ಟೆಸ್ಟ್ ಆಡಿದರು. ಒಮ್ಮೆ ಬಿಟ್ಟವರನ್ನು ನಾಯಕನೇ ಕರೆತಂದ ಎಂದರೆ, ಆ ಜಾಗ ಎಷ್ಟು ಗಟ್ಟಿಯಾಗಿತ್ತು ಎಂದು ಲೆಕ್ಕ ಹಾಕಿ.

ಕಾದಿಟ್ಟದ್ದು ಫಲ ಕೊಟ್ಟಿತು. 2003ರ ವಿಶ್ವಕಪ್‌ನಲ್ಲಿ ಹನ್ನೊಂದು ಪಂದ್ಯಗಳಿಗೆ 16 ವಿಕೆಟ್. ಜೊಹಾನ್ಸ್‌ಬರ್ಗ್‌ನಲ್ಲಿ ಶ್ರೀಲಂಕಾ ವಿರುದ್ಧ 35ಕ್ಕೆ ನಾಲ್ಕು. ಆದರೆ ಅದೇ ಊರಿನಲ್ಲಿ ಮಾರ್ಚ್ 23ರ ಫೈನಲ್‌ನಲ್ಲಿ ಆಸ್ಟ್ರೇಲಿಯಾ ಅವರ ಹತ್ತು ಓವರಿಗೆ 87 ರನ್ ಬಾರಿಸಿತು. ವಿಕೆಟ್ ಒಂದೂ ಇಲ್ಲ. ಭಾರತಕ್ಕೆ ಅದೇ ಅವರ ಕೊನೆಯ ಸ್ಪೆಲ್. ಟೆಸ್ಟ್‌ನಲ್ಲಿ 15,104, ಏಕದಿನದಲ್ಲಿ 11,935: ಎರಡೂ ಸೇರಿ ಇಪ್ಪತ್ತೇಳು ಸಾವಿರ ಎಸೆತ ಮೀರಿ ದುಡಿದ ತೋಳು ಅಲ್ಲಿಗೆ ನಿಂತಿತು.

*

ಹದಿಮೂರು ವರ್ಷದ ಮೇಲೆ ಅಮೆರಿಕದಲ್ಲಿ ಇದೇ ಪ್ರಶ್ನೆ ಬೇರೆ ಆಟದಲ್ಲಿ ಎದ್ದಿತು. ಅಲ್ಲಿನ ಫುಟ್‌ಬಾಲ್ ಎಂದರೆ ಚೆಂಡನ್ನು ಎದೆಗವಚಿಕೊಂಡು ಓಡುವ, ಮೈಗೆ ಮೈ ಗುದ್ದುವ ಆಟ. ಕಾಲೇಜು ತಂಡಗಳು ಡಿಸೆಂಬರ್-ಜನವರಿಯಲ್ಲಿ ‘ಬೌಲ್’ ಎಂಬ ಪಂದ್ಯಗಳನ್ನು ಆಡುತ್ತವೆ. ಹೆಚ್ಚಿನವು ಚಾಂಪಿಯನ್ ಯಾರೆಂದು ನಿರ್ಧರಿಸುವಂಥವಲ್ಲ, ನಮ್ಮ ಜಾತ್ರೆಯ ಕುಸ್ತಿಯಂತೆ ಪ್ರತಿಷ್ಠೆಯ ಪಂದ್ಯಗಳು. ಏಪ್ರಿಲ್ ಹೊತ್ತಿಗೆ ವೃತ್ತಿ ತಂಡಗಳು ಕಾಲೇಜು ಹುಡುಗರನ್ನು ಸರದಿಯ ಮೇಲೆ ಆರಿಸಿಕೊಳ್ಳುತ್ತವೆ. ಮೇಲಿನ ಸರದಿಯವನಿಗೆ ಹೆಚ್ಚು ಹಣ. 2016ರ ಜನವರಿ 1ರಂದು ಫಿಯೆಸ್ಟಾ ಬೌಲ್‌ನಲ್ಲಿ ನೋಟರ್ ಡೇಮ್ ಕಾಲೇಜಿನ ಜೇಲನ್ ಸ್ಮಿತ್ ಮೊಣಕಾಲಿನ ಅಸ್ಥಿರಜ್ಜು ಹರಿದುಕೊಂಡ. ಮೊದಲ ಸುತ್ತಿನ ಹುಡುಗ ಎಂದು ಎಲ್ಲರೂ ಹೇಳುತ್ತಿದ್ದವನು 34ನೆಯವನಾಗಿ ಎರಡನೇ ಸುತ್ತಿಗೆ ಜಾರಿದ. ಅದೇ ವರ್ಷದ ಡಿಸೆಂಬರಿನಲ್ಲಿ ಲೆನರ್ಡ್ ಫೋರ್ನೆಟ್, ಕ್ರಿಶ್ಚಿಯನ್ ಮೆಕ್‌ಕ್ಯಾಫ್ರಿ ಎಂಬ ಇಬ್ಬರು ತಾರೆಗಳು ಬೌಲ್ ಪಂದ್ಯ ಆಡುವುದಿಲ್ಲ ಎಂದರು. ಜೊತೆಯವರನ್ನು ಬಿಟ್ಟು ಓಡಿದರು ಎಂಬ ಬೈಗುಳವೂ ಬಂತು. ಏಪ್ರಿಲಿನಲ್ಲಿ ಒಬ್ಬ ನಾಲ್ಕನೆಯವನಾಗಿ, ಇನ್ನೊಬ್ಬ ಎಂಟನೆಯವನಾಗಿ ಆಯ್ಕೆಯಾದ. ಮುಂದೆ ಬೌಲ್ ಬಿಡುವುದು ವಾಡಿಕೆಯೇ ಆಯಿತು.

ನಮ್ಮಲ್ಲಿ ಆ ಬೌಲ್ ಪಂದ್ಯದ ಜಾಗದಲ್ಲಿರುವುದು ರಣಜಿ. 2024ರ ಜನವರಿಯಲ್ಲಿ ಕರ್ನಾಟಕ ಅಹಮದಾಬಾದಿನಲ್ಲಿ ಗುಜರಾತ್ ವಿರುದ್ಧ ಆಡಿತು. ಗೆಲ್ಲಲು 110 ಬೇಕಿದ್ದಾಗ 103ಕ್ಕೆ ಉರುಳಿ ಆರು ರನ್ನಿನಿಂದ ಸೋತಿತು. ಸೋಲಿಗಿಂತ ದುಬಾರಿಯಾದದ್ದು ಪ್ರಸಿದ್ಧ ಕೃಷ್ಣ ಅವರ ತೊಡೆ. ಆ ಪಂದ್ಯದಲ್ಲಿ ತೊಡೆಯ ಸ್ನಾಯು ಕೈಕೊಟ್ಟು, ಫೆಬ್ರವರಿಯಲ್ಲಿ ಶಸ್ತ್ರಚಿಕಿತ್ಸೆಯಾಗಿ, ಆ ಸಾಲಿನ ಐಪಿಎಲ್ ಪೂರ್ತಿ ತಪ್ಪಿತು. ರಾಜ್ಯಕ್ಕೆ ಆಡಲು ಹೋಗಿ ಒಂದು ಋತುವನ್ನೇ ಕಳೆದುಕೊಂಡರು. ಅದೇ ಫೆಬ್ರವರಿ ಕೊನೆಯಲ್ಲಿ ಮಂಡಳಿಯ ಕೇಂದ್ರ ಗುತ್ತಿಗೆ ಪಟ್ಟಿ ಬಂದಾಗ ಇಶಾನ್ ಕಿಶನ್, ಶ್ರೇಯಸ್ ಅಯ್ಯರ್ ಹೆಸರು ಅದರಲ್ಲಿರಲಿಲ್ಲ. ದೇಶದ ತಂಡದಲ್ಲಿ ಇಲ್ಲದಾಗ ರಾಜ್ಯಕ್ಕೆ ಆಡಬೇಕು ಎಂದು ಮಂಡಳಿ ಹೇಳಿತು. ಆಡಿದವನಿಗೆ ಗಾಯ, ಆಡದವನಿಗೆ ದಂಡ. ಎರಡೂ ಒಂದೇ ಸಾಲಿನ ಸುದ್ದಿ.

ಪ್ರಸಿದ್ಧ ಮರುವರ್ಷ ಗುಜರಾತ್ ಟೈಟನ್ಸ್‌ಗೆ ಆಡಿ 25 ವಿಕೆಟ್‌ಗಳೊಂದಿಗೆ ಐಪಿಎಲ್‌ನ ಅತಿ ಹೆಚ್ಚು ವಿಕೆಟ್ ಕಿತ್ತ ಬೌಲರ್ ಆದರು. ಜಾಗ ಗಟ್ಟಿಯಿದ್ದವರಿಗೆ ಮರಳಲು ಬಾಗಿಲು ತೆರೆದೇ ಇರುತ್ತದೆ.

*

ಈ ಜಗಳದಲ್ಲಿ ನಾವು ಕೇಳದೆ ಬಿಡುವ ಪ್ರಶ್ನೆ ಅದೇ: ಆಡದಿರುವ ಹಕ್ಕು ಯಾರಿಗಿದೆ? ಫೋರ್ನೆಟ್‌ಗೆ ಇತ್ತು, ಅವನ ಹೆಸರು ಆಗಲೇ ಮೇಲಿನ ಸರದಿಯಲ್ಲಿತ್ತು. ಅವನ ಬದಲಿಗೆ ಇಳಿದ ಹುಡುಗನಿಗೆ ಆ ಪಂದ್ಯವೇ ದೊಡ್ಡ ಅವಕಾಶ. 2002ರ ಶ್ರೀನಾಥ್‌ಗೆ ಇತ್ತು, ಇನ್ನೂರಕ್ಕೂ ಮೀರಿದ ಟೆಸ್ಟ್ ವಿಕೆಟ್ ಬೆನ್ನಿಗಿತ್ತು. ಮೂರು ವರ್ಷ ಬೆಂಚಿನ ಮೇಲೆ ಕೂತ ಹುಡುಗ ಶ್ರೀನಾಥ್‌ಗೆ ಇರಲಿಲ್ಲ. ಇವತ್ತು ರಣಜಿ ಆಟಗಾರನಿಗೆ ದಿನಕ್ಕೆ 40,000ದಿಂದ 60,000 ರೂಪಾಯಿ ಸಂಭಾವನೆ. ಐಪಿಎಲ್ ಕರೆ ಬರದವನಿಗೆ ಅದೇ ವರ್ಷದ ಅನ್ನ. ಹಾಸನದ ಮೈದಾನದಿಂದ ಹೊರಟು ರಾಜ್ಯದ ತಂಡದ ಕದ ತಟ್ಟುವ ವೇಗಿಯೊಬ್ಬ ‘ಈ ವಾರ ಭುಜಕ್ಕೆ ವಿರಾಮ’ ಎನ್ನಲಾರ. ಅಂದರೆ ಮುಂದಿನ ವಾರ ಆ ಜಾಗದಲ್ಲಿ ಬೇರೆಯವನಿರುತ್ತಾನೆ. ಊರಲ್ಲಿ ಎರಡು ಜೊತೆ ಎತ್ತು ಇದ್ದವನು ಒಂದನ್ನು ಜೋಡೆತ್ತಿನ ಗಾಡಿ ಓಟಕ್ಕೆ ಕಳಿಸದೆ ಉಳುಮೆಗೆ ಉಳಿಸಿಕೊಂಡಾನು. ಒಂದೇ ಜೊತೆ ಇದ್ದವನಿಗೆ ಆ ಆಯ್ಕೆಯೇ ಇಲ್ಲ.

ಹಾಗಾಗಿ ಬಿಟ್ಟವರನ್ನು ಬೈಯುವುದಕ್ಕೆ ನನಗೆ ಮನಸ್ಸಿಲ್ಲ. ಒಡೆದ ಭುಜದ ನೋವು ಉಣ್ಣುವವರು ಅವರೇ, ಲೆಕ್ಕವನ್ನೂ ಅವರೇ ಇಟ್ಟುಕೊಳ್ಳಲಿ. ಆದರೆ ಬಿಟ್ಟವರ ಬಗ್ಗೆಯೇ ಮಾತಾಡುತ್ತ, ಆ ಜಾಗಕ್ಕೆ ಬಂದವರನ್ನು ಮರೆಯುತ್ತೇವಲ್ಲ, ಅದು ಕಾಡುತ್ತದೆ.

ಶ್ರೀನಾಥ್ ಆಮೇಲೆ ರಾಜ್ಯ ಕ್ರಿಕೆಟ್ ಸಂಸ್ಥೆಯ ಕಾರ್ಯದರ್ಶಿಯಾದರು. 2006ರಿಂದ ಅಂತರರಾಷ್ಟ್ರೀಯ ಪಂದ್ಯಗಳ ರೆಫರಿ. ಜಾನ್ಸನ್ ಪ್ರಥಮ ದರ್ಜೆಯಲ್ಲಿ 39 ಪಂದ್ಯ ಆಡಿ 125 ವಿಕೆಟ್ ಕಿತ್ತು ಆಟ ಮುಗಿಸಿದರು. 2024ರ ಜೂನ್ 20ರಂದು ಬೆಂಗಳೂರಿನಲ್ಲಿ ತೀರಿಕೊಂಡಾಗ ಅವರಿಗೆ ಐವತ್ತೆರಡು ವರ್ಷ. ಸುದ್ದಿಗಳು ಮತ್ತೆ ಆ ವೇಗವನ್ನೂ, ಸ್ಲೇಟರ್ ಔಟಾದ ಚೆಂಡನ್ನೂ ನೆನೆದವು. ಜಾವಗಲ್ ಪೂರ್ತಿ ಹೆಸರಾಗಿ ಉಳಿಯಿತು. ಅರಸೀಕೆರೆ ಜಾನ್ಸನ್ ಹೆಸರಿನ ಮುಂದೆ ಒಂದು ಅಕ್ಷರವಾಗಿಯೂ ಕೂರಲಿಲ್ಲ.

ಟೆಸ್ಟ್ ಕ್ರಿಕೆಟ್‌ನಲ್ಲಿ ಡೇವಿಡ್ ಜಾನ್ಸನ್ ಎಸೆದದ್ದು ಒಟ್ಟು 240 ಚೆಂಡು. ನಲವತ್ತು ಓವರ್. ಅವುಗಳಲ್ಲಿ ಒಂದನ್ನೂ ಬಿಡುವ ಸ್ಥಿತಿಯಲ್ಲಿ ಅವರಿರಲಿಲ್ಲ.